ಪಾಸ್‌ವರ್ಡ್ ತಪ್ಪಿರಲಿಲ್ಲ: ಬನಹಟ್ಟಿಯ ಅನಸವ್ವ

ಬೆಳಗಿನ ಐದೂವರೆ. ಬನಹಟ್ಟಿಯ ನೇಕಾರರ ಸಂಘದ ಕಚೇರಿಯ ಬಾಗಿಲು ತೆರೆದ ಅನಸವ್ವ ಮೊದಲು ಫೋನಿನ ರಿಸೀವರ್ ಎತ್ತಿ ಕಿವಿಗೆ ಹಿಡಿಯುತ್ತಾರೆ. ಗರಗರ ಸದ್ದಿಲ್ಲ. ತಂತಿಯನ್ನು ಮೋಡೆಮ್‌ಗೆ ಸಿಕ್ಕಿಸಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಮೋಡೆಮ್ ಕೀಚಲು ದನಿಯಲ್ಲಿ ಕೂಗುತ್ತ ಹುಬ್ಬಳ್ಳಿಯ ಇ-ಮೇಲ್ ಕೇಂದ್ರವನ್ನು ಹಿಡಿಯುತ್ತದೆ. ಇಂದು ಹತ್ತೊಂಬತ್ತು ಪತ್ರ. ಏಳು ಗಂಟೆಯಾದರೆ ಲೈನು ಪದೇ ಪದೇ ಕಡಿಯುತ್ತದೆ, ಅದಕ್ಕೇ ಈ ಹೊತ್ತು.

"ಮಗ್ಗ ಸುರು ಆಗೂದ್ರಾಗ ಯಾವ ಬಣ್ಣ, ಎಷ್ಟು ಸೀರಿ ಅಂತ ಚೀಟಿ ಹೋಗಬೇಕ್ರಿ. ತಡಾ ಆದ್ರ ನೇಯೋರು ಸುಮ್ಮನ ಕುಂದರ್ತಾರ" ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಮೂವತ್ತೊಂದರ ಅನಸವ್ವ ನೇಕಾರರ ಮಗಳು. ಎಳವೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಕೈ. ಎಸ್ಸೆಸ್ಸೆಲ್ಸಿ ಮುಗಿಸಿ ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ ಟೈಪಿಂಗ್ ಕಲಿತರು, ಆಮೇಲೆ ಕಂಪ್ಯೂಟರ್. ಗಂಡ ಕಾಮಣ್ಣನಿಗೆ ಪವರ್‌ಲೂಮಿನಲ್ಲಿ ರಾತ್ರಿಪಾಳಿ. ಅವನು ಮನೆಗೆ ಬರುವ ಹೊತ್ತಿಗೆ ಇವರು ಹೊರಟಿರುತ್ತಾರೆ. ಗಂಡಹೆಂಡತಿ ಮಾತಾಡುವುದೇ ಓಣಿಯ ತಿರುವಿನಲ್ಲಿ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಸಂಘದ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದು ಬಂತು, ಅದರೊಂದಿಗೆ ಇ-ಮೇಲ್‌ಗೆ ಹೊಸ ಸಾಫ್ಟ್‌ವೇರ್ ಕೂಡ. ಮೊದಲ ದಿನವೇ ಸರ್ವರ್ ಪಾಸ್‌ವರ್ಡ್ ಒಪ್ಪಲಿಲ್ಲ. ಹತ್ತು ಸಲ ಹಾಕಿದರೂ ಅದೇ ಉತ್ತರ. ಹುಬ್ಬಳ್ಳಿಗೆ ಫೋನ್ ಮಾಡಿದರೆ, ನಮ್ಮಲ್ಲಿ ಎಲ್ಲ ಸರಿಯಿದೆ, ನಿಮ್ಮ ಪಾಸ್‌ವರ್ಡೇ ತಪ್ಪು ಎಂದರು.

ಆ ಪಾಸ್‌ವರ್ಡ್ ಗೊತ್ತಿದ್ದುದು ಇಬ್ಬರಿಗೇ: ಅನಸವ್ವನಿಗೆ ಮತ್ತು ಸಂಘದ ಕಾರ್ಯದರ್ಶಿ ಶಿದ್ರಾಮಪ್ಪನವರಿಗೆ. ಅನಸವ್ವ ಅದನ್ನು ಬೇರೆ ವ್ಯಾಪಾರಿಗೆ ಹೇಳಿಕೊಟ್ಟಿದ್ದಾಳೆ, ಅವನು ಬದಲಿಸಿಬಿಟ್ಟಿದ್ದಾನೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಶಿದ್ರಾಮಪ್ಪನವರು ನಂಬಿದರು.

"ಬೈದಿದ್ರ ತಡಕೋತಿದ್ನಿ. ಅವರು ಬೈಲಿಲ್ಲ. ಆಫೀಸಿನ ಕೀಲಿ ಇಟ್ಟು ಹೋಗವ್ವ ಅಂದ್ರು, ಅಷ್ಟ."

ಅತ್ತ ಪುಣೆಯ ವ್ಯಾಪಾರಿ ವಾಸುದೇವರಾಯರು ಮದುವೆ ಸೀರೆಗಳ ಬಣ್ಣದ ಪಟ್ಟಿಯನ್ನು ಇ-ಮೇಲ್‌ನಲ್ಲಿ ಕಳಿಸಿ, ಹಾಗೆಂದು ಫೋನಿನಲ್ಲಿ ತಿಳಿಸಿ ಊರೂರು ತಿರುಗಲು ಹೋಗಿದ್ದರು. ಆಮೇಲೆ ಫೋನಿಗೆ ಸಿಗಲಿಲ್ಲ. ಶನಿವಾರದೊಳಗೆ ಒಪ್ಪಿಗೆ ತಲುಪದಿದ್ದರೆ ಕೆಲಸ ಬೇರೆ ಊರಿನ ಪಾಲು. ನಲವತ್ತು ಮಗ್ಗ ಆ ಪಟ್ಟಿಗಾಗಿ ಕಾಯುತ್ತಿದ್ದವು.

ಅನಸವ್ವ ಮುಧೋಳದ ಬಸ್ಸು ಹತ್ತಿದರು. ಅಲ್ಲಿ ಧರೆಪ್ಪ ಎಂಬವರು ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಹೊಸ ಸಾಫ್ಟ್‌ವೇರನ್ನು ನಡುವೆ ತರದೆ ಸರ್ವರ್ ಜೊತೆ ನೇರವಾಗಿ ಮಾತಾಡಬಹುದು ಎಂದ ಅವರು, ಏನು ಟೈಪ್ ಮಾಡಬೇಕೆಂದು ನಾಲ್ಕು ಸಾಲು ಬರೆದುಕೊಟ್ಟರು. ಅನಸವ್ವ ವಾಪಸು ಬಂದು ಶಿದ್ರಾಮಪ್ಪನವರ ಮನೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂರಲು ಒಂದು ಬೆಳಗು ಕೇಳಿದರು. ನೀವೂ ಪಕ್ಕದಲ್ಲಿ ಕೂರಬೇಕು ಎಂದರು.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಕೂತರು. ಕಪ್ಪು ಪರದೆಯಲ್ಲಿ ಅನಸವ್ವ ಒಂದೊಂದೇ ಅಕ್ಷರ ಒತ್ತಿ ಸಂಘದ ಹೆಸರು ಹಾಕಿದರು. ಸರ್ವರ್ ಸರಿ ಎಂದಿತು. ಹಳೆಯ ಪಾಸ್‌ವರ್ಡನ್ನೇ ಹಾಕಿದರು. ಅದಕ್ಕೂ ಸರಿ ಎಂದಿತು. ಇಪ್ಪತ್ತಮೂರು ಪತ್ರ ಕಾಯುತ್ತಿವೆ ಎಂದು ತೋರಿಸಿತು.

ಅಂದರೆ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ತಪ್ಪು ಅದನ್ನು ಕಳಿಸುವ ರೀತಿಯಲ್ಲಿತ್ತು. ಅನಸವ್ವ ಹೊಸ ಸಾಫ್ಟ್‌ವೇರಿನ ಸೆಟ್ಟಿಂಗುಗಳನ್ನೆಲ್ಲ ಒಂದೊಂದಾಗಿ ತೆರೆದು ಓದಿದರು. ಒಂದು ಮೂಲೆಯಲ್ಲಿ ಸಣ್ಣದೊಂದು ಟಿಕ್ ಗುರುತು. ಅದಿದ್ದರೆ ಪಾಸ್‌ವರ್ಡ್ ಗುಪ್ತಲಿಪಿಯಲ್ಲಿ ಹೋಗುತ್ತದೆ. ಹುಬ್ಬಳ್ಳಿಯ ಹಳೆಯ ಸರ್ವರಿಗೆ ಆ ಲಿಪಿಯೇ ಗೊತ್ತಿರಲಿಲ್ಲ. ಟಿಕ್ ತೆಗೆದರು. ಪತ್ರಗಳು ಒಂದರ ಹಿಂದೊಂದು ಇಳಿದವು. ಒಂಬತ್ತನೆಯದೇ ಪುಣೆಯ ಬಣ್ಣದ ಪಟ್ಟಿ.

ಶಿದ್ರಾಮಪ್ಪನವರು ಕೀಲಿಯನ್ನು ಮೇಜಿನ ಮೇಲಿಟ್ಟರು. "ತಪ್ಪು ನಂದೈತವ್ವ. ಕೇಳಬೇಕಿತ್ತು, ಕೇಳಲಿಲ್ಲ."

ಅನಸವ್ವ ಮೊದಲು ಪುಣೆಗೆ ಒಪ್ಪಿಗೆ ಕಳಿಸಿದರು. ಆಮೇಲೆ, ಇನ್ನು ಪಾಸ್‌ವರ್ಡ್ ಬಯಲಾಗಿ ತಂತಿಯಲ್ಲಿ ಹೋಗುತ್ತದೆ, ತಿಂಗಳಿಗೊಮ್ಮೆ ನಿಮ್ಮೆದುರೇ ಬದಲಿಸೋಣ ಎಂದರು. ಆ ಪದ್ಧತಿ ಇಂದಿಗೂ ನಡೆದಿದೆ.

ಕಂಡುಕೊಂಡದ್ದನ್ನು ಅವರು ಹುಬ್ಬಳ್ಳಿಗೂ ತಿಳಿಸಿದರು. ಎರಡು ತಿಂಗಳ ಮೇಲೆ ಕೇಂದ್ರದವರು ಹಂಚಿದ ಸೂಚನೆಯ ಹಾಳೆಯಲ್ಲಿ ಅದೇ ಮಾತು ಆರನೆಯ ಸಾಲಾಗಿ ಬಂತು. ಅನಸವ್ವನ ಹೆಸರಿರಲಿಲ್ಲ.

"ಹೆಸರಿಲ್ಲ, ಖರೆ. ಆ ಹಾಳಿ ಓದಿ ಯಾರದರ ಕೆಲಸ ಆದ್ರ ಆತ್ರಿ."

ಹಾಳೆ ತಲುಪದ ಕಡೆಯಿಂದ ಫೋನ್ ಬರುತ್ತದೆ. ತೇರದಾಳ, ಲೋಕಾಪುರ, ಬೀಳಗಿ ಸೇರಿ ಈವರೆಗೆ ಹನ್ನೊಂದು ಕಚೇರಿಗಳ ಇ-ಮೇಲನ್ನು ಅನಸವ್ವ ಸರಿಮಾಡಿದ್ದಾರೆ. ಕೆಲವೆಡೆ ರವಿವಾರ ಬಸ್ಸಿನಲ್ಲಿ ಹೋಗಿ ಬಂದಿದ್ದಾರೆ. ಹೋದಲ್ಲೆಲ್ಲ ಕಂಪ್ಯೂಟರ್ ಮುಂದೆ ಹೆಚ್ಚಾಗಿ ಒಬ್ಬ ಹುಡುಗಿ, ಅವಳ ಹಿಂದೆ ಸಿಟ್ಟಾದ ಇಬ್ಬರು ಮೂವರು ಹಿರಿಯರು. ಅಲ್ಲಿ ಮೊದಲು ಯಾವ ಸೆಟ್ಟಿಂಗ್ ನೋಡುತ್ತೀರಿ ಎಂದು ಕೇಳಿದೆ.

"ಸೆಟ್ಟಿಂಗ್ ಆಮ್ಯಾಲ್ರಿ. ಮೊದಲ ಆ ಹುಡಿಗಿ ಬಾಜೂಕ ಕುಂತು, ಎಲ್ಲಾರಿಗೂ ಕೇಳೂ ಹಂಗ ಹೇಳ್ತೇನಿ: ನೀ ಏನೂ ತಪ್ಪು ಮಾಡಿಲ್ಲವಾ, ತಡಿ, ಇಬ್ಬರೂ ಕೂಡಿ ನೋಡೂಣು."