ಗುರುತಿಗೊಂದು ಮನೆ

ಯುದ್ಧದಲ್ಲಿ ನಾನು ಗುಂಡು ಹಾರಿಸಿದ್ದಕ್ಕಿಂತ ಪೆನ್ಸಿಲ್ ಕೆತ್ತಿದ್ದೇ ಹೆಚ್ಚು. ಮುಳಬಾಗಿಲಿನಲ್ಲಿ ಇದನ್ನು ಹೇಳಿದರೆ ನನ್ನ ಭಾವಮೈದ ನಗುತ್ತಾನೆ. "ಎಲ್ಲಾರೂ ಬಂದೂಕ ಹಿಡ್ಕೊಂಡ್ರೆ ನೀವು ಬೊಂಬೆ ಬರ್ಕೊಂಡು ಕೂತಿದ್ರಾ ಭಾವ?" ನಗಲಿ. ಆ ಬೊಂಬೆ ಏನು ಮಾಡಿತೆಂದು ಅವನಿಗೆ ಗೊತ್ತಿಲ್ಲ.

ಕಂದಕದಲ್ಲಿ ಕೂತು ಎದುರಿನ ಶತ್ರುಗಳ ಬೆಟ್ಟವನ್ನು ಇದ್ದ ಹಾಗೆ ಬರೆಯುವುದು ನನ್ನ ಕೆಲಸ. ಒಂದೊಂದು ಗುರುತಿಗೂ ಹೆಸರಿಡಬೇಕು. ಫೋನಿನಲ್ಲಿ ಆ ಹೆಸರು ಹೇಳಿದರೆ, ಹಿಂದಿರುವ ಫಿರಂಗಿಯವರು ತಮ್ಮಲ್ಲಿರುವ ಚಿತ್ರದ ಪ್ರತಿಯಲ್ಲಿ ಅದನ್ನು ನೋಡಿ, ನಂಬಿ ಗುರಿ ಹಿಡಿಯುತ್ತಾರೆ. ಊರಿನ ನೆನಪು ಕಾಡುತ್ತಿತ್ತಲ್ಲ, ಬೋಳುಗುಡ್ಡಕ್ಕೆ ನಮ್ಮೂರ ಪಕ್ಕದ ಕುರುಡುಮಲೆಯ ಹೆಸರಿಟ್ಟೆ. ಇಳಿಜಾರಿನಲ್ಲಿ ಒಂದೇ ಒಂದು ಮನೆ. ಅದರ ಮಾಳಿಗೆಯ ಮೇಲೆ ಬಿಸಿಲಿಗೆ ಮುದುಕಿಯೊಬ್ಬಳು ಮುಸುಕಿನ ಜೋಳ ಹರಡಿ ಕಾಲಲ್ಲೇ ಕೆದಕುತ್ತಿದ್ದುದು ದುರ್ಬೀನಿನಲ್ಲಿ ಕಂಡಿತು. ದೇವರಾಯಸಮುದ್ರದ ನಮ್ಮಜ್ಜಿಯೂ ಬಗ್ಗಿದರೆ ಸೊಂಟ ಹಿಡಿಯುತ್ತದೆಂದು ರಾಗಿಯನ್ನು ಹಾಗೇ ಕೆದಕುತ್ತಿದ್ದಳು. ಅದಕ್ಕೇ 'ಅಜ್ಜಿ ಮನೆ' ಎಂದು ಬರೆದೆ.

ಮನೆಯನ್ನು ಬಿಡಬಹುದಿತ್ತು. ಆಚೆ ಒಂದು ಒಂಟಿ ಮರವಿತ್ತು, ಗುರುತಿಗೆ ಅಷ್ಟು ಸಾಕಿತ್ತು. ಆದರೆ ಮನೆಯಿಲ್ಲದ ಚಿತ್ರ ಭಣಭಣ ಅನ್ನಿಸಿತು. ಚೆಂದಕ್ಕೆಂದು ಸೇರಿಸಿದೆ, ಬಾಗಿಲಿಗೆ ನೆರಳನ್ನೂ ಕೊಟ್ಟೆ. ಸಾಹೇಬರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ. ಥೂ ನನ್ನ ಕೈಗೆ!

ಫಿರಂಗಿಯ ಗುರಿ ಸರಿಮಾಡಿಕೊಳ್ಳಲು ಮೊದಲ ಗುಂಡುಗಳನ್ನು ಯಾವುದಾದರೊಂದು ಗುರುತಿನ ಮೇಲೇ ಹಾರಿಸಿ ನೋಡುವುದು ರೂಢಿ. ನನಗದು ಗೊತ್ತಿರಲಿಲ್ಲವೆಂದು ಹೇಳಲಾರೆ. ಮರುದಿನ ಬೆಳಗ್ಗೆ ಸಾಹೇಬರು ಚಿತ್ರದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿದ್ದ ಮನೆಯ ಮೇಲೆ ಬೆರಳಿಟ್ಟು, ಅಲ್ಲಿನ ಜನರೆಲ್ಲ ಮನೆ ಖಾಲಿ ಮಾಡಿದ್ದಾರೆ ತಾನೆ ಎಂದು ಕೇಳಿದರು. ದುರ್ಬೀನು ಹಿಡಿದೆ. ಮಾಳಿಗೆಯಲ್ಲಿ ಜೋಳವಿತ್ತು, ಮುದುಕಿ ಇರಲಿಲ್ಲ. ಯಾರೂ ಕಾಣುತ್ತಿಲ್ಲ ಎಂದೆ. ಒಳಗಿರಬಹುದು ಎನ್ನಲು ಬಾಯಿ ಬರಲಿಲ್ಲ. ಅಂದಿದ್ದರೆ ಬೇರೆ ಗುರುತು ಹುಡುಕಬೇಕು, ಮೆಚ್ಚಿಸಿಕೊಂಡ ಚಿತ್ರವನ್ನು ಮತ್ತೆ ಬರೆಯಬೇಕು. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಮೂರನೆಯ ಗುಂಡಿಗೆ ಮಾಳಿಗೆ ಕುಸಿಯಿತು. ಧೂಳು ಇಳಿಯುವವರೆಗೆ ನೋಡಿದೆ, ಹೊರಗೆ ಯಾರೂ ಬರಲಿಲ್ಲ. ಅವಳು ಹಿಂದಿನ ದಿನವೇ ಹೊರಟುಹೋಗಿದ್ದಳೋ ಏನೋ. ಜೋಳವನ್ನು ಮಾಳಿಗೆಯಲ್ಲೇ ಬಿಟ್ಟು ಯಾವ ಮುದುಕಿ ಹೋಗುತ್ತಾಳೆ?

ಚಿತ್ರ ಎದುರಿಗಿರುವಂತೆಯೇ ಇರಬೇಕಲ್ಲ, ಸಂಜೆ ತಿದ್ದಲು ಹೇಳಿದರು. ಗೋಡೆ, ಮಾಳಿಗೆ, ಬಾಗಿಲ ನೆರಳು ಎಲ್ಲವನ್ನೂ ರಬ್ಬರಿನಲ್ಲಿ ಉಜ್ಜಿ ಕಲ್ಲಿನ ಗುಪ್ಪೆ ಬರೆದೆ. ಅದಕ್ಕೇನು ಹೆಸರಿಡಲಿ ಎಂದು ಕೇಳಿದೆ. ಹಳೆಯದೇ ಇರಲಿ, ಫಿರಂಗಿಯವರ ಬಾಯಿಗೆ ರೂಢಿಯಾಗಿದೆ ಎಂದರು. ಯುದ್ಧ ಮುಗಿಯುವವರೆಗೂ ನಮ್ಮೂರನ್ನು ಎಂದೂ ಕಾಣದವರ ದನಿಗಳು ಫೋನಿನಲ್ಲಿ ಅಜ್ಜಿ ಮನೆ, ಅಜ್ಜಿ ಮನೆ ಎಂದು ಕೂಗುತ್ತಲೇ ಇದ್ದವು.