ಸೂರ್ಯಪ್ಪನ ಒಲೆ

ಪಕ್ಕದ ಮನೆಯ ಮಿಸ್ತ್ರಿ ಚಾಚಾರ ಬೆರಳುಗಳಿಗೆ ಎರಡು ಬಣ್ಣ. ಉಗುರಿನ ಸಂದಿಯಲ್ಲಿ ಟ್ರ್ಯಾಕ್ಟರ್ ಗ್ರೀಸಿನ ಕಪ್ಪು, ತುದಿಯಲ್ಲಿ ಟೊಮೆಟೊ ಗಿಡದ ಹಸಿರು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೆ ಕಪ್ಪು ಒಂದಿಷ್ಟು ಹೋಗುತ್ತಿತ್ತು. ಹಸಿರು ಮಾತ್ರ ಸೋಪಿನ ನೊರೆಯನ್ನೇ ಹಳದಿ ಮಾಡಿ ಕೈಯಲ್ಲೇ ಉಳಿಯುತ್ತಿತ್ತು. ಈಗಲೂ ಎಲ್ಲಾದರೂ ಡೀಸೆಲ್ ವಾಸನೆ ಬಡಿದರೆ ನನಗೆ ಹಸಿವಾಗುತ್ತದೆ. ಹೇಳಿದರೆ ಜನ ನಗುತ್ತಾರೆ.

ನಾನು ಮದುವೆಯಾಗಿ ಅರಸೀಕೆರೆಯಿಂದ ಕೂಡ್ಲಿಗಿಗೆ ಬಂದಾಗ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ ಇತ್ತು, ಈಗಲೂ ಇದೆ. ಆಚೆ ಅವರ ಟೊಮೆಟೊ. ಚಾಚಿಯ ತವರು ಇಟ್ಟಿಗಿಯಿಂದ ಬಂದ ಜವಾರಿ ಬೀಜ. ಹಣ್ಣು ಗುಂಡಗಲ್ಲ, ಉದ್ದ, ತುದಿ ಚೂಪು. ಕೊಯ್ದರೆ ರಸ ಸೋರದು, ಒಳಗೆಲ್ಲ ತಿರುಳು. ಗಿಡಗಳನ್ನು ಹಳೆಯ ಟ್ಯೂಬಿನ ಪಟ್ಟಿಗಳಿಂದ ಸೈಲೆನ್ಸರ್ ಪೈಪುಗಳಿಗೆ ಕಟ್ಟಿ ನಿಲ್ಲಿಸುತ್ತಿದ್ದರು. ಹಣ್ಣು ಬಣ್ಣ ತಿರುಗಿತೆಂದರೆ ನೀರು ಬಂದ್. ಬಾಡಿದ ಎಲೆ ನೋಡಲಾರದೆ ನಾನು ಒಂದು ಕೊಡ ಹಾಕಲೇ ಎಂದರೆ, "ಬ್ಯಾಡವಾ, ಈಗ ಕುಡದ್ರ ಸುಮ್ನ ಉಬ್ಬತೈತಿ. ಹಿಂಡಿಗಿ ತಿರುಳು ಬೇಕು. ನೀರು ಬೇಕಂದ್ರ ನಳ ಐತಲ್ಲ," ಎನ್ನುತ್ತಿದ್ದರು.

ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿ, ಟೊಮೆಟೊ ಹಿಂಡಿಯನ್ನು ಎಲ್ಲರೂ ಕುದಿಸಿಯೇ ಗಟ್ಟಿ ಮಾಡುತ್ತಾರೆ. ಚಾಚಾ ತಮ್ಮ ಮನೆಯದನ್ನು ಹಾಗೇ ಮಾಡುತ್ತಿದ್ದರು, ನಮ್ಮ ಪಾಲಿನದನ್ನು ಮಾತ್ರ ಬಿಸಿಲಲ್ಲಿ. ಕಾರಣ ನಮ್ಮ ಅತ್ತೆ. ಅವರಿಗೆ ಚಾಚಾ ಬೇಕು, ಚಾಚಾ ಕೊಟ್ಟ ಹಸಿ ಹಣ್ಣೂ ಬೇಕು; ಆ ಮನೆಯ ಒಲೆಯ ಮೇಲೆ ಬೆಂದದ್ದು ಮಾತ್ರ ಬೇಡ. ಚಾಚಾ ಮುಖ ಗಂಟಿಕ್ಕುವ ಬದಲು ಉಪಾಯ ಹುಡುಕಿದರು. ಹಣ್ಣು ಹೆಚ್ಚಿ, ನಮ್ಮ ಮನೆಯ ಉಪ್ಪು ಹಾಕಿ, ಹಿಸುಕಿ, ಸಿಪ್ಪೆ ಸೋಸಿ, ನಮ್ಮದೇ ಪರಾತದಲ್ಲಿ ಹರವಿ ಗೋಡೆಯ ಮೇಲಿಡುವುದು. ಗ್ಯಾರೇಜಿನಿಂದ ಊಟಕ್ಕೆ ಬಂದಾಗೆಲ್ಲ ಸೌಟಿನಿಂದ ತಿರುವುವುದು. ನಮ್ಮ ಕಡೆಯ ಬಿಸಿಲಿಗೆ ಅದು ದಿನೇ ದಿನೇ ಕುಗ್ಗಿ, ಕಡುಗೆಂಪಾಗಿ, ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗುತ್ತಿತ್ತು.

"ತಗೋರಿ ಅವ್ವಾರ, ಸೂರ್ಯಪ್ಪನ ಒಲಿದು. ಈ ಒಲಿ ನಮ್ಮ ಮನ್ಯಾಗ ಯಾರೂ ಊದಿಲ್ಲ."

"ನಿನ್ನ ಬಾಯಿಗಿ ಒಂದು ಬೀಗ ಹಾಕಬೇಕು ನೋಡು," ಎಂದು ಅತ್ತೆ ಜಾಡಿ ತುಂಬಿಕೊಂಡು ಮೇಲೆ ಎಣ್ಣೆ ಸುರಿಯುತ್ತಿದ್ದರು.

"ಒಂದಿನ ನಿಮಗ ನಮ್ಮ ಮನಿ ರೊಟ್ಟಿ ಉಣ್ಣಸ್ತೀನ್ರಿ."

"ನೋಡೂಣಂತ."

ಆ 'ನೋಡೂಣಂತ' ವರ್ಷಗಟ್ಟಲೆ ಗೋಡೆಯ ಮೇಲೇ ಕೂತಿತ್ತು. ನಾನಂತೂ ಬಂದ ವರ್ಷವೇ ಆ ಮನೆಯಲ್ಲಿ ಉಂಡವಳು. ಅತ್ತೆಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ಚಾಚಾ ನಗೆಯಾಡುತ್ತಲೇ ಕೇಳುತ್ತಿದ್ದರಾದರೂ, ಪ್ರತಿಸಲ ಉತ್ತರಕ್ಕೆ ಒಂದು ಗಳಿಗೆ ಕಾಯುತ್ತಿದ್ದರು.

ಒಂದು ವರ್ಷ ಹಣ್ಣೆಲ್ಲ ಒಟ್ಟಿಗೆ ಮಾಗಿದ ಹೊತ್ತಿಗೇ ಅಕಾಲದ ಮೋಡ ಕವಿಯಿತು. ಬಿಸಿಲಿಲ್ಲದೆ ಪರಾತದಲ್ಲಿದ್ದದ್ದು ಹುಳಿತು ನೊರೆ ಎದ್ದಿತು. "ಮುಗಿಲು ಕೈ ಕೊಟ್ಟಿತ್ರಿ ಅವ್ವಾರ. ಉಳದ ಹಣ್ಣು ಕೊಡ್ತೀನಿ, ನಿಮ್ಮ ಒಲಿ ಮ್ಯಾಲೆ ನೀವ ಕುದಸ್ರಿ. ಇಲ್ಲಂದ್ರ ತಿಪ್ಪಿಗೇ," ಎಂದರು. ಒಲೆ ಹಚ್ಚಿದೆವು. ಅತ್ತೆಗೂ ನನಗೂ ಅದರ ಹದ ಗೊತ್ತಿರಲಿಲ್ಲ. ಸೀದ ವಾಸನೆ ಗೋಡೆ ದಾಟಿತು.

"ತಳ ಹಿಡೀತೈತ್ರೀ, ತಿರುವ್ರಿ," ಎಂದು ಆಚೆಯಿಂದ ಚಾಚಾ.

"ಅಲ್ಲಿ ನಿಂತು ಏನ್ ಒದರ್ತಿ? ಒಳಗ ಬಂದು ತಿರುವು."

ಚಾಚಾ ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ ಎರಡೂ ಕೈ ಚಾಚಿ ತೋರಿಸಿದರು. "ತೊಳದೀನ್ರಿ. ಆದ್ರೂ ಹಿಂಗ ಅದಾವು."

"ಇಷ್ಟು ವರ್ಷ ಅವೇ ಕೈದು ತಿಂದೀನಿ. ಸೌಟು ಹಿಡಿ."

ಮಧ್ಯಾಹ್ನವೆಲ್ಲ ತಿರುವಿದರು. ಹೊರಡುವಾಗ ನನ್ನ ಹತ್ತಿರ ಮೆಲ್ಲಗೆ, "ನಿಮ್ಮ ಒಲಿ ಆತು. ಇನ್ನ ನಮ್ಮದು," ಎಂದರು.

ಅದಾಗಲಿಲ್ಲ. ಮುಂದಿನ ಬೇಸಿಗೆ ಬರುವ ಮೊದಲೇ ಗ್ಯಾರೇಜಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹಿತ್ತಲಲ್ಲಿ ಗಿಡಗಳು ಆಗತಾನೆ ಕಾಯಿ ಕಟ್ಟಿದ್ದವು. ಆ ಬೀಜವನ್ನೇ ನಾನೀಗ ಬಿತ್ತುತ್ತೇನೆ. ಹಣ್ಣೂ ಅದೇ, ರುಚಿಯೂ ಅದೇ. ಆದರೂ ಹಣ್ಣು ಬಣ್ಣ ತಿರುಗಿದ ಗಿಡಗಳ ಸಾಲಿನಲ್ಲಿ ಕೊಡ ಹಿಡಿದು ನಿಂತಾಗ, ಗೋಡೆಯಾಚೆಯಿಂದ ಯಾರಾದರೂ ಬ್ಯಾಡವಾ ಅನ್ನಲಿ ಅಂತ ಜೀವ ಬಯಸುತ್ತದೆ. ಸ್ವಲ್ಪ ಹೊತ್ತು ಕಾದು ಕೊಡ ಕೆಳಗಿಡುತ್ತೇನೆ.

ಚಾಚಾ ತೀರಿಕೊಂಡ ನಲವತ್ತನೆಯ ದಿನ ಅವರ ಮನೆಯಲ್ಲಿ ಊಟವಿತ್ತು. ಚಾಚಿ ಗೋಡೆಯ ಹತ್ತಿರ ಬಂದು ನನ್ನೊಬ್ಬಳಿಗೇ, "ನೀವಾರ ಬರ್ರಿ," ಎಂದಿದ್ದರು. ನಾನು ಹೊರಡುವಷ್ಟರಲ್ಲಿ ಅತ್ತೆ ಸೆರಗು ಹೊದ್ದು ನನಗಿಂತ ಮುಂದೆ ನಡೆದಿದ್ದರು. ಹೋದವರೇ ಚಾಪೆಯ ಮೇಲೆ ಕೂತರು. ಚಾಚಿ ಗಾಬರಿಯಾಗಿ, "ನಿಮಗ ಬಾಳಿಹಣ್ಣು ತರಸ್ತೀನ್ರಿ ಅವ್ವಾರ," ಎಂದರು.

"ಹಣ್ಣು ಯಾಕ? ರೊಟ್ಟಿ ಹಾಕು."

ರೊಟ್ಟಿ ಬಂತು, ಜೊತೆಗೆ ಬೆಳ್ಳುಳ್ಳಿ ಒಗ್ಗರಣೆಯ ಹಿಂಡಿ. ಅತ್ತೆ ಮುರಿದು ಒಂದು ತುತ್ತು ಉಂಡರು. ಎರಡನೆಯದಕ್ಕೆ ಕೈ ನಿಂತಿತು.

"ಭಾಳ ಚಲೋ ಆಗೈತವಾ," ಎಂದರು ಚಾಚಿಗೆ. ಆಮೇಲೆ ತಟ್ಟೆ ನೋಡುತ್ತಲೇ, "ಅವಗ ಹೇಳೂದಿತ್ತು," ಎಂದರು.