ದೀಪದ ಹೊತ್ತಿನ ಒಂದು ರಿಂಗು

ನನ್ನ ತವರು ಆಂಧ್ರದ ಹಾಲಹರವಿ ಕಡೆಯದು. ಅವ್ವನ ಮನೆ ಹಿಂದಿನ ಹೊಲ ದಾಟಿದರೆ ಬಳ್ಳಾರಿ ಜಿಲ್ಲೆ. ನಾನು ಮದುವೆಯಾಗಿ ಆದೋನಿಗೆ ಬಂದು, ಕೈಗೊಂದು ಫೋನು ಬಂದ ಕಾಲಕ್ಕೆ ನಮ್ಮಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಸಂಜೆ ದೇವರ ಮುಂದೆ ದೀಪ ಹಚ್ಚಿ ಕೈಮುಗಿದ ಕೂಡಲೇ ನಾನು ಒಂದು ರಿಂಗು ಕೊಟ್ಟು ಕಟ್ ಮಾಡುವುದು, ಆಕಿ ಅಲ್ಲಿಂದ ಒಂದು ರಿಂಗು ತಿರುಗಿ ಕೊಡುವುದು. ಇಲ್ಲಿ ದೀಪ ಹತ್ತಿತು, ಅಲ್ಲೂ ಹತ್ತಿತು, ಎಲ್ಲರೂ ಚೆನ್ನಾಗಿದ್ದೇವೆ ಅಂತ ಅದರರ್ಥ. ನಮ್ಮ ಕಡೆ ಬಹಳ ಹೆಣ್ಣುಮಕ್ಕಳು ಹೀಗೇ ಮಾಡುತ್ತಾರೆ. ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಹುಟ್ಟಿದ ಅಭ್ಯಾಸ, ಮಾತು ಅಗ್ಗವಾದ ಮೇಲೂ ಬಿಡಲಿಲ್ಲ. ತಿಂಗಳ ಆ ನಾಲ್ಕೈದು ದಿನ ನಾನು ದೇವರ ಕೋಣೆಗೆ ಹೋಗುವುದಿಲ್ಲ, ಯಜಮಾನರೇ ದೀಪ ಹಚ್ಚುತ್ತಾರೆ. ಆಗ ರಿಂಗೂ ಇಲ್ಲ. ಯಾಕಿಲ್ಲ ಅಂತ ಅವ್ವನಿಗೆ ಹೇಳಬೇಕಾಗಿರಲಿಲ್ಲ.

ಅವ್ವ ಹೋದ ಮೇಲೆ ಆಕೆಯ ಫೋನಿಗೆ ಯಾರೂ ದುಡ್ಡು ಹಾಕಿಸಲಿಲ್ಲ. ಸೂತಕ ಕಳೆದು ಮೊದಲ ಸಂಜೆ ದೀಪ ಹಚ್ಚಿದಾಗ ನನ್ನ ಕೈ ತಾನಾಗಿ ಫೋನಿಗೆ ಹೋಯಿತು. ಈ ನಂಬರು ಚಾಲ್ತಿಯಲ್ಲಿಲ್ಲ ಅಂತ ಒಬ್ಬಾಕಿ ತೆಲುಗಿನಲ್ಲಿ ಹೇಳಿದಳು. ಮರುದಿನವೂ ಹೇಳಿದಳು. ಎಷ್ಟೋ ತಿಂಗಳು ಆಕಿಯ ದನಿಯೇ ನನ್ನ ಮಂಗಳಾರತಿಯಾಗಿತ್ತು. ಆಮೇಲೊಂದು ಸಂಜೆ, ಆ ದನಿಯ ಬದಲು ರಿಂಗು ಹೋಯಿತು.

ನಂಬರನ್ನು ಕಂಪನಿಯವರು ಬೇರೆ ಯಾರಿಗೋ ಕೊಟ್ಟಿದ್ದಾರೆ ಅನ್ನುವಷ್ಟು ತಿಳಿವಳಿಕೆ ನನಗಿತ್ತು. ಆದರೂ ಎಲ್ಲೋ ಒಂದು ಮನೆಯಲ್ಲಿ ದೀಪದ ಹೊತ್ತಿಗೆ ಒಂದು ಗಂಟೆ ಬಾರಿಸಿದಂಗಾಗುತ್ತೈತಿ, ಅದರಿಂದ ಯಾರಿಗೇನು ನಷ್ಟ ಅಂದುಕೊಂಡೆ. ಒಮ್ಮೆ ಆ ಕಡೆಯಿಂದ ಫೋನು ಬಂತು. ಗಂಡಸಿನ ದನಿ. ‘ಎವರು?’, ಯಾರು ಅಂತ ತೆಲುಗಿನಲ್ಲಿ ಕೇಳಿತು. ನಾನು ಉಸಿರೆತ್ತದೆ ಕಟ್ ಮಾಡಿದೆ. ಮರುದಿನ ಸಂಜೆ ಮತ್ತೆ ರಿಂಗು ಕೊಟ್ಟೆ. ನಮ್ಮ ದೇವರು ಈರಣ್ಣಸ್ವಾಮಿ ನನಗೆ ಕೊಟ್ಟ ಸಣ್ಣ ಸಣ್ಣ ಕರುಣೆಗಳಲ್ಲಿ ಇದೂ ಒಂದು ಅಂತ ಎಣಿಸಿದ್ದೆ.

ಇನ್ನೊಂದು ಮಾತು ಹೇಳಬೇಕು. ನನ್ನ ಸಿಮ್ಮು ನನ್ನ ಹೆಸರಿನಲ್ಲಿಲ್ಲ. ಪಾತ್ರೆ ತಿಕ್ಕಿ, ಹುಣಸೆಹಣ್ಣು ಕಿವುಚಿ ಸವೆದ ನನ್ನ ಬೆರಳನ್ನು ಅಂಗಡಿಯವನ ಯಂತ್ರ ಒಪ್ಪಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೈದುನ ನಕ್ಕು, ‘ಬಿಡು ವದಿನಾ, ನಿನ್ನ ಬೆರಳ ನಿನ್ನ ಗುರುತು ಹಿಡಿಯವಲ್ದು’ ಅಂದು ತನ್ನ ಹೆಬ್ಬೆಟ್ಟು ಒತ್ತಿದ್ದ. ಅತ್ತಿಗೆಯನ್ನು ಅವನು ಕರೆಯುವುದೇ ಹಾಗೆ, ತೆಲುಗಿನಲ್ಲಿ. ನಾನು ಈ ಮನೆಗೆ ಕಾಲಿಟ್ಟಾಗ ಚಡ್ಡಿ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದವನು. ಅತ್ತೆ ಬೇಗ ಹೋದ್ದರಿಂದ ನನ್ನ ಕೈಯೂಟದಲ್ಲೇ ಬೆಳೆದ. ಈಗ ಟೆಂಪೋ ಓಡಿಸುತ್ತಾನೆ. ಹಳ್ಳಿಗಳಿಂದ ಹತ್ತಿ ತುಂಬಿಕೊಂಡು ಜಿನ್ನಿಂಗ್ ಮಿಲ್ಲಿಗೆ ತರುವ ಕೆಲಸ. ಪತ್ತಿಕೊಂಡದ ಕಡೆಯ ಒಂದು ಹುಡುಗಿಯ ಜೊತೆ ತಾಂಬೂಲ ಬದಲಿಸಿಯಾಗಿತ್ತು.

ಹತ್ತಿ ಬರುವ ಕಾಲದ ಒಂದು ಬೆಳಿಗ್ಗೆ, ಅವನು ಮಂಡಕ್ಕಿಯ ಉಗ್ಗಾನಿ ತಿನ್ನುತ್ತ ಕೂತಿದ್ದಾಗ, ಸಾದಾ ಬಟ್ಟೆಯ ಇಬ್ಬರು ಬಂದು ಅವನ ಹೆಸರು ಕೇಳಿದರು. ಐದು ನಿಮಿಷದ ಕೆಲಸ, ಠಾಣೆಗೆ ಬಂದು ಹೋಗು ಅಂದರು. ಮಾತು ಮೆತ್ತಗಿತ್ತು. ಅವರು ಬೈದಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ತಟ್ಟೆಯ ಮಂಡಕ್ಕಿ ಮಧ್ಯಾಹ್ನಕ್ಕೆ ಒಣಗಿ ಸೆಟೆದುಕೊಂಡಿತು. ಅವನ ಫೋನು ಬಂದ್ ಆಗಿತ್ತು.

ನಮ್ಮ ಮಾಳಿಗೆ ಮೇಲಿನ ಕೋಣೆಯಲ್ಲಿ ಒಬ್ಬ ವಕೀಲಮ್ಮ ಬಾಡಿಗೆಗೆ ಇದ್ದಾಳೆ. ನಮ್ಮ ಯಜಮಾನರು ಆಕಿಯನ್ನು ಠಾಣೆಗೆ ಕರೆದುಕೊಂಡು ಹೋದರು. ಸಂಜೆಗೆ ಮುಂಚೆ ತಿರುಗಿ ಬಂದು ಆಕಿ ಅಡುಗೆಮನೆ ಹೊಸ್ತಿಲಲ್ಲೇ ಕೂತು ಹೇಳಿದಳು. ಕೌತಾಳಂ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿಯನ್ನು, ಇನ್ನೂ ಶಾಲೆಗೆ ಹೋಗುವವಳನ್ನು, ಯಾರೋ ಪುಸಲಾಯಿಸಿ ಒಯ್ದಿದ್ದಾರೆ. ಒಯ್ದವನ ಫೋನಿನ ಜಾಡು ಪೊಲೀಸರಿಗೆ ಸಿಕ್ಕಿದೆ. ಆ ಫೋನಿಗೆ ದಿನಾ ಮುಸ್ಸಂಜೆ ಒಂದು ರಿಂಗು, ಮಾತಿಲ್ಲ, ಕಟ್. ಹುಡುಗಿ ಕಾಣೆಯಾಗುವ ಹಿಂದಿನ ದಿನ ರಿಂಗು ನಿಂತಿದೆ, ನಾಲ್ಕು ದಿನವಾದ ಮೇಲೆ ಮತ್ತೆ ಶುರುವಾಗಿದೆ. ರಿಂಗು ಕೊಟ್ಟ ಸಿಮ್ಮು ನಿಮ್ಮ ಮೈದುನನ ಹೆಸರಿನಲ್ಲಿದೆ, ಆ ದಿನಗಳಲ್ಲಿ ಅವನ ಟೆಂಪೋ ಕೌತಾಳಂ ಕಡೆಯೇ ಇತ್ತು. ಅದು ಸಂಕೇತ, ಅವನೂ ಆ ಗುಂಪಿನವನು ಅಂತ ಅವರ ಗುಮಾನಿ.

ನಾನು ನಂಬರು ಕೇಳಿದೆ. ಆಕಿ ಹೇಳಿದಳು. ನನ್ನ ಇಷ್ಟದೇವರ ಅಷ್ಟೋತ್ತರಕ್ಕಿಂತ ಚೆನ್ನಾಗಿ ಆ ಹತ್ತು ಅಂಕಿ ನನಗೆ ಬಾಯಿಪಾಠ.

ಆಗಲೇ ಯಜಮಾನರ ಜೊತೆ ಹೊರಟೆ. ನಾನು ಹುಟ್ಟಿದ ಮೇಲೆ ಠಾಣೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಒಳಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಹುಡುಗಿಯೊಬ್ಬಳ ಚಪ್ಪಲಿ. ಕಾಣೆಯಾದವಳ ತಾಯಿ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಆಕಿ ತಲೆಯೆತ್ತಿ ನನ್ನನ್ನು ನೋಡಿದಳು. ಆಕಿಯ ಪಾಲಿಗೆ ನಾನು ಕಳ್ಳನ ಮನೆಯವಳು.

ಅಧಿಕಾರಿ ವಯಸ್ಸಾದವರು, ತೆಲುಗಿನವರು. ನಮಗೆ ಎರಡೂ ಭಾಷೆ ಒಂದೇ, ತೆಲುಗಿನಲ್ಲೇ ಎಲ್ಲ ಹೇಳಿದೆ. ಅವ್ವ, ದೀಪ, ರಿಂಗು, ಸವೆದ ಬೆರಳು. ಅವರು ನಗಲಿಲ್ಲ, ಗದರಿಸಲೂ ಇಲ್ಲ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದರೊಳಗೆ ನನ್ನ ಸಂಜೆಗಳೆಲ್ಲ ಒಂದರ ಕೆಳಗೊಂದು ನಿಂತಿದ್ದವು. ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ತಡ, ಹೊತ್ತು ಮುಳುಗಿದಂತೆಲ್ಲ. ನಾನು ದೀಪ ಹಚ್ಚಿದ ಹೊತ್ತು ದೇವರಿಗೆ ಮಾತ್ರ ಗೊತ್ತು ಅಂತ ಅಲ್ಲಿಯವರೆಗೆ ನಂಬಿದ್ದೆ.

‘ದಿನಾ ದೀಪ ಹಚ್ಚುತ್ತೀರಿ ಅಂತೀರಲ್ಲಮ್ಮ, ಹಾಗಾದರೆ ಈ ದಿನಗಳಲ್ಲಿ ಯಾಕೆ ರಿಂಗಿಲ್ಲ?’ ಅಂತ ಕೇಳಿದರು. ಖಾಲಿ ಇದ್ದ ಕಡೆ ಬೆರಳಿಟ್ಟರು. ಅದರ ಮೇಲಿನ ಖಾಲಿಗೆ. ಅದಕ್ಕೂ ಮೇಲಿನದಕ್ಕೆ. ತಿಂಗಳು ತಿಂಗಳೂ ನಾಲ್ಕೈದು ದಿನ ಯಾರು ಎಲ್ಲಿಗೆ ಹೋಗುತ್ತಿದ್ದಿರಿ, ಆ ದಿನಗಳಲ್ಲಿ ಏನು ನಡೆಯುತ್ತಿತ್ತು, ಹೇಳಿ ಅಂದರು.

ಕೋಣೆಯ ತುಂಬ ಗಂಡಸರು. ಮೂಲೆಯಲ್ಲಿ ನನ್ನ ಮೈದುನ ಗೋಡೆಗೆ ಒರಗಿ ನಿಂತಿದ್ದ, ರಾತ್ರಿಯೂ ಅಲ್ಲೇ ಇರಬೇಕಾಗುತ್ತೈತೇನೋ ಅನ್ನುವ ಮುಖ ಮಾಡಿಕೊಂಡು. ಯಜಮಾನರು ಕಿಟಕಿಯ ಕಡೆ ತಿರುಗಿಕೊಂಡರು. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಆ ಮಾತನ್ನು ನಾನು ಅವರೆದುರೇ ಬಾಯಿಬಿಟ್ಟು ಆಡಿದವಳಲ್ಲ, ‘ಹೊರಗದೀನಿ’ ಅಂದರೆ ಮುಗಿಯಿತು. ಸುಮ್ಮನಿದ್ದರೆ ಹುಡುಗ ಹೋಗುತ್ತಾನೆ, ಹೇಳಿದರೆ ಮರ್ಯಾದೆ ಹೋಗುತ್ತೈತಿ.

‘ಸಾರ್, ಆ ದಿನ ನಾನು ದೇವರ ದೀಪ ಮುಟ್ಟಂಗಿಲ್ಲ’ ಅಂದೆ.

ಯಾಕೆ ಅಂತ ಅವರು ಮತ್ತೆ ಕೇಳಿದರು. ನಿಜವಾಗಿ ತಿಳಿಯದೆಯೇ ಕೇಳಿದರು ಅಂತ ಕಾಣುತ್ತದೆ. ಬಾಗಿಲಲ್ಲಿ ನಿಂತಿದ್ದ ಮಹಿಳಾ ಪೇದೆಯೊಬ್ಬಳು ಮುಂದೆ ಬಂದು ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರ ಕೈ ಪರದೆಯ ಮೇಲಿಂದ ಥಟ್ಟನೆ ಹಿಂದಕ್ಕೆ ಬಂತು, ಒಲೆ ಮುಟ್ಟಿದಂಗೆ. ಆಮೇಲೆ ನಿಧಾನವಾಗಿ ಪರದೆಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡರು. ಆ ಪೇದೆ ಅಲ್ಲಿದ್ದದ್ದು ಅವತ್ತಿನ ಕರುಣೆ.

ಮರುದಿನ ಮೈದುನನನ್ನು ಬಿಟ್ಟರು. ಅದೇ ವಾರ ಆ ಹುಡುಗಿಯೂ ಸಿಕ್ಕಳು, ಜೀವಂತ. ಅದೇ ಫೋನಿನ ಜಾಡು ಹಿಡಿದು ಹೋಗಿ ರೈಲು ಜಂಕ್ಷನ್ನಿನ ಊರೊಂದರಲ್ಲಿ ಪತ್ತೆ ಮಾಡಿದರಂತೆ. ಆ ತಾಯಿಯ ಮಡಿಲ ಚಪ್ಪಲಿ ನೆನೆದು ನಾನು ತುಪ್ಪದ ದೀಪ ಹಚ್ಚಿದೆ. ಹಾಗಾಗಿ ಫೋನುಗಳನ್ನು ನೋಡುವ ಆ ಕಣ್ಣನ್ನು ನಾನು ಶಪಿಸಲಾರೆ. ಆ ಹುಡುಗಿಯನ್ನು ಕಂಡ ಕಣ್ಣೇ ನನ್ನ ತಿಂಗಳ ದಿನಗಳನ್ನೂ ಕಂಡದ್ದು. ಕಾಪಾಡಿದ್ದೂ ಅದೇ, ಬೆತ್ತಲೆ ಮಾಡಿದ್ದೂ ಅದೇ.

ಬಿಟ್ಟ ಮೇಲೆ ಮುಗಿಯಿತು ಅಂದುಕೊಂಡಿದ್ದೆವು. ಮುಗಿಯಲಿಲ್ಲ. ಮೈದುನನ ಫೋನನ್ನು ತಿರುಗಿ ಕೊಟ್ಟರು, ಕೊಡುವಾಗ, ಮತ್ತೆ ಕರೆದರೆ ಬರಬೇಕು ಅಂದರು. ಅವನು ತನ್ನ ಹುಡುಗಿಯ ಜೊತೆ ತಾಸುಗಟ್ಟಲೆ ಮಾತಾಡುತ್ತಿದ್ದವನು, ಈಗ ಊಟ ಆತಾ, ಮಳಿ ಬಂತಾ, ಅಷ್ಟಕ್ಕೆ ಇಡುತ್ತಿದ್ದ. ಮೊದಮೊದಲು ತಮಾಷೆಗೆ, ‘ಸಾಹೇಬ್ರೇ, ಕೇಳಸ್ತೈತೇನ್ರಿ, ಇಲ್ಲಾ ಸ್ವಲ್ಪ ಜೋರ ಮಾತಾಡ್ಲಾ?’ ಅಂತ ಫೋನಿಗೆ ಹೇಳಿ ನಗುತ್ತಿದ್ದ. ಒಂದು ದಿನ ಆ ಹುಡುಗಿ ಹಂಗನ್ನಬ್ಯಾಡ, ಅವರು ನಿಜಕ್ಕೂ ಕೇಳಾಕತ್ತಿದ್ರ ಏನ್ ಮಾಡ್ತಿ ಅಂದಳಂತೆ. ಅಂದಿನಿಂದ ತಮಾಷೆಯೂ ನಿಂತಿತು. ನಮ್ಮ ಮನೆಯಲ್ಲಿ ಯಾರೂ ಹೇಳದೆಯೇ ಎಲ್ಲರೂ ಫೋನನ್ನು ಒಳಗಿನ ಕಾಳಿನ ಹಗೇವಿನ ಮುಚ್ಚಳದ ಮೇಲಿಟ್ಟು ಆಚೆ ಬಂದು ಮಾತಾಡತೊಡಗಿದೆವು. ಕೇಳುವಂಥ ಮಾತೇನೂ ನಮ್ಮಲ್ಲಿರಲಿಲ್ಲ, ಬೇಳೆ ಬೆಂದಿಲ್ಲ ಅನ್ನುವುದನ್ನೂ ತಗ್ಗಿಸಿ ಹೇಳುತ್ತಿದ್ದೆವು.

ಬೀಗರ ಊರು ಪತ್ತಿಕೊಂಡಕ್ಕೆ ಸುದ್ದಿ ಮುಟ್ಟಿತು. ಹುಡುಗಿಯ ತಾಯಿ ಫೋನು ಮಾಡಲಿಲ್ಲ, ಬಸ್ಸು ಹತ್ತಿ ತಾವೇ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನೆಟ್ಟಗೆ ಕೇಳಿದರು. ನಿಮ್ಮ ಹುಡುಗ ತಪ್ಪು ಮಾಡಿಲ್ಲ, ಒಪ್ಪಿದೆ. ಅವನನ್ನು ನೋಡುವುದು ನಿಲ್ಲಿಸಿದ್ದೇವೆ ಅಂತ ಪೊಲೀಸರ ಬಾಯಿಂದ ಒಂದು ಮಾತು ತಂದುಕೊಡಿ. ನಾಳೆ ನನ್ನ ಮಗಳ ಫೋನನ್ನೂ ನೋಡಿದರೆ? ಆಕಿಗೂ ತಿಂಗಳ ದಿನಗಳಿಲ್ಲೇನು?

ಅವರಿಗೆ ಅದು ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ.

ಆ ಒಂದು ಮಾತು ಕೊಡಿಸು ಅಂತ ವಕೀಲಮ್ಮನ ಹತ್ತಿರ ಹೋದೆ. ಆಕಿ ತಿಳಿಸಿ ಹೇಳಿದಳು. ಯಾರು ಯಾರಿಗೆ ರಿಂಗು ಕೊಟ್ಟರು ಅಂತ ನೋಡಲು ದೊಡ್ಡ ಪೊಲೀಸ್ ಅಧಿಕಾರಿಯ ಒಂದು ಪತ್ರ ಸಾಕು. ಮಾತನ್ನೇ ಕದ್ದು ಕೇಳಬೇಕಾದರೆ ಸರಕಾರದ ಇನ್ನೂ ಮೇಲಿನವರ ಸಹಿ ಬೇಕು, ಅದು ಸರಿಯೋ ಅಂತ ಆಮೇಲೆ ನೋಡುವವರೂ ಸರಕಾರದ ಅಧಿಕಾರಿಗಳೇ. ಬಿಳಿಯರ ಕಾಲದ ತಂತಿಯ ಕಾನೂನು ಹೋಗಿ ಹೊಸದು ಬಂದಿದೆ, ಆದರೆ ಅದರಲ್ಲೂ ಮೊದಲೇ ನ್ಯಾಯಾಧೀಶರನ್ನು ಕೇಳಬೇಕೆಂದಿಲ್ಲ. ನಿನ್ನನ್ನು ನೋಡಿದೆವು ಅಂತಾಗಲಿ, ಇನ್ನು ನೋಡುವುದಿಲ್ಲ ಅಂತಾಗಲಿ ಯಾರೂ ಯಾರಿಗೂ ತಿಳಿಸಬೇಕಾಗಿಲ್ಲ. ನೀವು ಕೇಳುವ ಮಾತನ್ನು ಕೊಡುವ ಬಾಯಿ ಕಾನೂನಿನಲ್ಲಿಲ್ಲ.

ನನಗೆ ತವರಿನ ಕಣ ನೆನಪಾಯಿತು. ಜೋಳ ತೂರಿ ರಾಶಿ ಮಾಡಿದ ಮೇಲೆ ಅಪ್ಪ ಅದರ ಸುತ್ತ ಮರದ ಮುದ್ರೆಯಿಂದ ಬೂದಿಯ ಗುರುತು ಒತ್ತುತ್ತಿದ್ದ. ಯಾರು ಒಂದು ಮುಷ್ಟಿ ತೆಗೆದರೂ ಗುರುತು ಕೆಡುತ್ತಿತ್ತು. ಕಾವಲಿಗೆ ಆಳಿದ್ದಾನಲ್ಲ, ಮತ್ಯಾಕೆ ಇದು ಅಂತ ನಾನು ಕೇಳಿದ್ದಕ್ಕೆ, ಕಾವಲು ಕಳ್ಳನಿಗೆ, ಮುದ್ರೆ ಕಾವಲಿನವನಿಗೆ ಅಂದಿದ್ದ. ಕಾವಲಿನವನಿಗೂ ಅದರಿಂದ ಒಳ್ಳೆಯದೇ, ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ವಕೀಲಮ್ಮನಿಗೆ ಇದನ್ನು ಹೇಳಿದೆ.

‘ಈಗಲೂ ಮುದ್ರೆ ಐತಮ್ಮ. ಆದರ ಅದು ಕಾವಲಿನವನ ಕಿಸೆದಾಗೇ ಐತಿ’ ಅಂದಳು. ಆಕಿಯೂ ಇನ್ನು ಕೆಲವು ವಕೀಲರೂ ಸೇರಿ, ಈ ಕಾನೂನನ್ನು ಹೇಗೆ ತಿದ್ದಬೇಕು ಅಂತ ದಿಲ್ಲಿಗೆ ಬರೆದು ಕಳಿಸುತ್ತಿದ್ದರಂತೆ. ನಿಮಗಾದದ್ದನ್ನು ಬರೆದುಕೊಡಿ ಅಂತ ಕೇಳಿದಳು. ನೋಡಲೇಬಾರದು ಅಂತ ನಾವು ಕೇಳುತ್ತಿಲ್ಲ, ಹಾಗೆ ಕೇಳಿದರೆ ಆ ಬೆಂಚಿನ ಮೇಲಿದ್ದ ತಾಯಿಗೆ ಏನು ಹೇಳುವುದು ಅಂತಲೂ ಅಂದಳು. ಆ ಮಾತಿಗೇ ನನ್ನ ಮನಸ್ಸು ಒಪ್ಪಿತು.

ಮೈದುನ ಒಪ್ಪಲಿಲ್ಲ. ಅವನು ನನಗೆ ಎದುರಾಡಿದವನಲ್ಲ. ಅಂದು ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ನೆಲ ನೋಡುತ್ತ ಹೇಳಿದ. ‘ಬ್ಯಾಡ ವದಿನಾ. ಬರದ್ರ ಮತ್ತ ನಮ್ಮ ಮನಿ ಕಡೀನ ನೋಡ್ತಾರ.’

ಅವನ ದನಿಯಲ್ಲಿದ್ದ ಹೆದರಿಕೆ ನನ್ನನ್ನು ಬರೆಯದಂತೆ ತಡೆಯಬೇಕಿತ್ತು. ಅದೇ ನನ್ನನ್ನು ಬರೆಸಿತು. ನಾನು ಸಾಕಿದ ಹುಡುಗ ತನ್ನ ಮನೆಯಲ್ಲೇ ಪಿಸುಗುಡುವುದನ್ನು ಕಲಿತುಬಿಟ್ಟಿದ್ದ. ಹೆಸರಿಲ್ಲದೆ ಬರೆಯುತ್ತೇನೆ ಅಂತ ಅವನಿಗೆ ಮಾತು ಕೊಟ್ಟೆ. ಅದಕ್ಕೇ ಇದರಲ್ಲಿ ಯಾರ ಹೆಸರೂ ಇಲ್ಲ. ವಕೀಲಮ್ಮನಿಗೆ ಬರೆದುಕೊಟ್ಟದ್ದರಲ್ಲಿ ಇಷ್ಟೇ ಕೇಳಿದೆ. ನೋಡುವ ಮೊದಲು ಹೊರಗಿನ ಒಬ್ಬ ನ್ಯಾಯಾಧೀಶರು ಹೂಂ ಅನ್ನಬೇಕು. ಹೆಂಗಸಿನ ಫೋನನ್ನು ನೋಡುವಾಗ ಒಬ್ಬ ಹೆಂಗಸು ಇರಬೇಕು. ನೋಡಿ ಮುಗಿದ ಮೇಲೆ ಮುಗಿಯಿತು ಅಂತ ಹೇಳಬೇಕು. ಉತ್ತರ ಬಂದಿಲ್ಲ. ಬರುತ್ತೈತೋ ಇಲ್ಲವೋ.

ಹುಡುಗಿಯ ತಾಯಿ ಮತ್ತೊಮ್ಮೆ ಬಸ್ಸು ಹತ್ತಿ ಬಂದರು. ಆ ಒಂದು ಮಾತು ಸಿಗಲಿಲ್ಲ ಅಂತ ನಾನೇ ಹೇಳಿದೆ. ಅವರು ಸೆರಗಿನ ತುದಿ ತಿರುವುತ್ತ ಕೂತರು. ಆಮೇಲೆ, ನನ್ನ ಮಗಳು ಬ್ಯಾರೆ ಕಡೆ ಒಲ್ಲೆ ಅಂತಾಳ, ಮದುವೆ ಆಗಲಿ ಅಂದರು. ಮುಹೂರ್ತದ ಮಾತು ಮಾತ್ರ ಫೋನಿನಲ್ಲಿ ಬೇಡ, ಏನಿದ್ದರೂ ಎದುರಿಗೆ ಬಂದು ಹೇಳಿ ಅಂದರು. ಅದೂ ಒಂದು ಕರುಣೆಯೇ, ಎಣಿಸಿಕೊಂಡೆ. ಈಗ ನಮ್ಮ ಮನೆಯ ಶುಭಕಾರ್ಯದ ಮಾತೆಲ್ಲ ಬಸ್ಸಿನಲ್ಲಿ ಓಡಾಡುತ್ತದೆ.

ಅವ್ವನ ನಂಬರಿಗೆ ನಾನು ಮತ್ತೆ ರಿಂಗು ಕೊಟ್ಟಿಲ್ಲ. ದೀಪ ಹಚ್ಚಿದ ಮೇಲೆ ಕೈ ಈಗಲೂ ಆ ಕಡೆ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಬದಲಿಗೆ ಪೂಜೆಯ ಗಂಟೆ ಎತ್ತಿ ಒಂದೇ ಒಂದು ಸಲ ಬಾರಿಸುತ್ತೇನೆ, ಅವ್ವನಿಗೆ. ನಿನ್ನೆಯೂ ಬಾರಿಸಿದೆ. ಅಂಗಳದಲ್ಲಿ ಟೆಂಪೋದ ಗಾಜು ಒರೆಸುತ್ತಿದ್ದ ಮೈದುನ ಕೈ ನಿಲ್ಲಿಸಿ, ಮೊದಲು ಬೀದಿಯ ಆ ತುದಿ ನೋಡಿದ, ಆಮೇಲೆ ಈ ತುದಿ.

‘ವದಿನಾ, ಮೆಲ್ಲಕ’ ಅಂದ.